ಲಾಭ, ಒಂದು, ಎರಡು

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಆರ್ಡರಿನ ರೂಪದಲ್ಲಿ. ಹುನಗುಂದದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬಕ್ಕೊಂದು ನಗುಮುಖ, ಸಾವಿಗೂ ಅದೇ ನಗುಮುಖ, ಹಿಂದಿನ ಬಣ್ಣ ಮಾತ್ರ ಬೇರೆ. ಮುಂಜಾನೆ ಶಟರ್ ಎತ್ತುವಾಗಲೇ ಫೋನಿಗೊಂದು ಫೋಟೋ ಬಂತು. ಕೆಳಗೆ ಬರೆದಿತ್ತು: “ಅಣ್ಣಾ, ಸರ ಹೋದ್ರು. ಒಂದ ಶ್ರದ್ಧಾಂಜಲಿ ಫ್ಲೆಕ್ಸ್ ಬೇಕು. ಲಗೂನ.”

ಕೂತು ಅತ್ತೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ಮಾಡಿದ ಮೊದಲ ಕೆಲಸವೆಂದರೆ, ಇದು ಖರೆಯೋ ಸುಳ್ಳೋ ಎಂದು ಇನ್ನಿಬ್ಬರಿಗೆ ಫೋನ್ ಹಚ್ಚಿ ಕೇಳಿದ್ದು. ಯಾಕೆಂದರೆ ನಾನು ಅವರ ಕೈಕೆಳಗೆ ಕೆಲಸಕ್ಕಿದ್ದಾಗ ಅವರು ಒಮ್ಮೆ ಹೀಗೇ ಸಾಯಲು ಬಿದ್ದಿದ್ದರು. ತಮ್ಮನ ಫೋನಿನಿಂದ ಆಫೀಸಿಗೆ ಸುದ್ದಿ ಮುಟ್ಟಿಸಿದ್ದರು: “ಸರಗ ಎದಿ ಹಿಡದೈತಿ, ದವಾಖಾನಿಯೊಳಗ ಅದಾರ, ಉಳಿಯೂದು ಕಷ್ಟ.” ಅರ್ಧ ಮಂದಿ ದವಾಖಾನೆಗೆ ಓಡಿದರು. ಇನ್ನರ್ಧ ಮಂದಿ ಕೆಲಸ ಬಿಟ್ಟರೆ ಬೈದಾರು ಎಂದು ಕುಂತಲ್ಲೇ ಕುಂತರು. ಸರ್ ಎದುರಿನ ಚಹಾದಂಗಡಿಯಲ್ಲಿ ಕೂತು ಯಾರು ಓಡಿದರು, ಯಾರು ಉಳಿದರು ಎಂದು ನೋಡುತ್ತಿದ್ದರು. ಮರುದಿನ ಓಡಿದವರು “ನೆಪಾ ಸಿಕ್ರ ಸಾಕು ಅನ್ನೂ ಕಳ್ಳರು” ಆದರು, ಉಳಿದವರು “ಕಟುಕರು” ಆದರು. ನಾನು ಓಡಲೋ ಉಳಿಯಲೋ ಎಂದು ಚಿಂತೆ ಮಾಡುತ್ತ ಮಹಡಿಯಿಂದ ಇಳಿಯುವ ಪಾವಟಿಗೆಯ ನಡುವೆ ನಿಂತುಬಿಟ್ಟಿದ್ದೆ. ನನಗೆ ಬೇರೆಯೇ ಬಿರುದು ಸಿಕ್ಕಿತು: “ಗ್ವಾಡಿ ಮ್ಯಾಲಿನ ಹಲ್ಲಿ. ಲೊಚಗುಟ್ಟತೈತಿ, ಇಳಿಯಂಗಿಲ್ಲ.”

ಈ ಸಲ ಇಬ್ಬರೂ ಖರೆ ಎಂದರು. ನಾನು ಕಂಪ್ಯೂಟರ್ ಹಚ್ಚಿ ಕೂತೆ. ಅವರ ಹೆಸರನ್ನು ಫ್ಲೆಕ್ಸಿನ ಮೇಲೆ ಬರೆದು, ತಿದ್ದಿ, ಮತ್ತೆ ತಿದ್ದಿ ಸಾಕಾಗಿದೆ. ಇಲ್ಲಿ ಬರೆಯುವುದಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಔಷಧದ ಅಂಗಡಿಯೊಂದರ ಮೇಲೆ ಅವರ ಆಫೀಸು ಇತ್ತು. ಅಂಗಡಿಗಳಿಗೆ, ಶಾಲೆಗಳಿಗೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ. ಬಿಳಿ ತುಂಬುತೋಳಿನ ಅಂಗಿ, ಕೊರಳಿನ ಗುಂಡಿಯೂ ಹಾಕಿದ್ದು. ಕೈಯಲ್ಲಿ ಯಾವಾಗಲೂ ಒಂದು ಸ್ಟೀಲಿನ ಫೂಟಪಟ್ಟಿ. ಅವರು ಹುಟ್ಟಿ ಬೆಳೆದ ಮನೆ ಹಳೇ ಊರಿನ ಸಂಗಡ ಹಿನ್ನೀರಿನಲ್ಲಿ ಮುಳುಗಿತ್ತು. ಯಾರಾದರೂ ಪಾಪ ಎಂದು ಆ ಮಾತು ತೆಗೆದರೆ, “ಮನಿ ಖಾಲಿ ಇಲ್ರಿ. ಮೀನಾ ಬಾಡಿಗಿ ಅದಾವು. ಅವು ನಿಮ್ಮಂಗ ಕೆಟ್ಟ ಮಾರಿ ಮಾಡಿ ಕನಿಕರ ತೋರಸಂಗಿಲ್ಲ” ಎನ್ನುತ್ತಿದ್ದರು. ಬೈದವರನ್ನು ಅವರು ಮರುದಿನ ಚಹಾಕ್ಕೆ ಕರೆದದ್ದು ನೋಡಿದ್ದೇನೆ. ಕನಿಕರಪಟ್ಟವರನ್ನು ಕ್ಷಮಿಸಿದ್ದು ನೋಡಿಲ್ಲ. ಆಗಲೇ ನಾನು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕಿತ್ತು.

ನಾನು ಅಲ್ಲಿಗೆ ಹೋದದ್ದು ಬೇರೆ ಗತಿಯಿಲ್ಲದೆ. ಬಾಗಲಕೋಟೆಯದೇ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಜೋಡಿಸುತ್ತ ನನ್ನ ಕೂದಲು ಹಣ್ಣಾಗಿತ್ತು. ಆಮಂತ್ರಣವೆಲ್ಲ ಫೋನಿಗೆ ಹೋದಮೇಲೆ ಪ್ರೆಸ್ಸಿಗೆ ಬೀಗ ಬಿತ್ತು. ಯಾರೋ ಇವರ ಹತ್ತಿರ ಕಳಿಸಿದರು.

“ವಯಸ್ಸೆಷ್ಟು?”

“ನಲವತ್ತ ದಾಟೇತ್ರಿ.”

“ಆ ವಯಸ್ಸಿನ ಎತ್ತ ಸಂತಿಗೆ ಹೊಡದ್ರ ಮಂದಿ ಹಲ್ಲ ಸೈತ ನೋಡಂಗಿಲ್ಲ. ಊರು?”

“ಬೇವೂರ್ರಿ.”

ಅಲ್ಲಿಂದ ಮುಂದೆ ನನ್ನ ಹೆಸರು ಬೇವೂರು. ಅಲ್ಲಿ ಯಾರಿಗೂ ಅಪ್ಪ-ಅವ್ವ ಇಟ್ಟ ಹೆಸರು ಇರಲಿಲ್ಲ, ಊರೇ ಹೆಸರು. ಕೆಲಸಕ್ಕೆ ಮೊದಲು ಸೇರಿದ ಹಿರಿಯನೊಬ್ಬ ಅಮೀನಗಡ. ಮನೆಯಲ್ಲಿ ಮಗ್ಗ ಹಾಕಿಕೊಂಡು ಕುಬಸದ ಖಣ ನೇಯುವವರ ಮಗಳೊಬ್ಬಳು ಗುಳೇದಗುಡ್ಡ. ಎಲ್ಲರಿಗಿಂತ ಚುರುಕು, ಎಲ್ಲರಿಗಿಂತ ಉಡಾಳ, ಇಳಕಲ್ಲ. ಕಡೆಗೆ ಬಂದ ನಾನು ಸಾಲಿನ ಕಡೆಯವ.

ಅವರು ಮೊದಲ ದಿನವೇ ಕರಾರು ಹೇಳಿದರು: “ನೀ ಬರದದ್ದ ಒಂದ ಲೂಪು, ನಾ ಕೈ ಹಚ್ಚಲಾರದಂಗ, ಗಿರಾಕಿ ಮುಂದ ಓಡಬೇಕು. ಅವತ್ತ ನೀ ಪಕ್ಕಾ. ಅಲ್ಲಿಮಟಾ ಕಚ್ಚಾ. ಕಚ್ಚಾ ಮಂದಿಗಿ ನಾ ಯಾವಾಗ ಬೇಕಾದ್ರೂ ಹೋಗು ಅಂತೇನಿ. ಕಾರಣ ಕೇಳೂಹಂಗಿಲ್ಲ.”

ನನ್ನ ಹೆಂಡತಿಗೆ ಈ ಕಂಪ್ಯೂಟರಿನ ಮಾತು ಒಂದೂ ತಿಳಿಯಲಿಲ್ಲ, ಕರಾರು ಮಾತ್ರ ಪೂರಾ ತಿಳಿಯಿತು. ದಿನಾ ಸಂಜೆ ಚಪ್ಪಲಿ ಬಿಡುವುದರೊಳಗೆ ಕೇಳುತ್ತಿದ್ದಳು: “ಪಕ್ಕಾ ಆತೇನ್ರಿ?”

ಲೂಪು ಎಂದರೆ ದೊಡ್ಡ ವಿದ್ಯೆಯಲ್ಲ. ಹೆಸರುಗಳ ಒಂದು ಪಟ್ಟಿ ಕಂಪ್ಯೂಟರಿನೊಳಗೆ ಕೂಡಿಟ್ಟಿರುತ್ತದೆ. ಆ ಒಂದೊಂದು ಹೆಸರಿಗೂ ಸ್ಟ್ರಿಂಗ್ ಎನ್ನುತ್ತಾರೆ. ಕಂಪ್ಯೂಟರಿಗೆ ಅದು ಬರೇ ಅಕ್ಷರಗಳ ಸರ, ಅರ್ಥ ಗಿರ್ಥ ಅದಕ್ಕೆ ಬೇಕಿಲ್ಲ. ಪಟ್ಟಿಯ ತಲೆಯಿಂದ ಕಡೆತನಕ ಹೋಗಿ, ಒಂದನ್ನೂ ಬಿಡದೆ, ಒಂದೊಂದೇ ಎತ್ತಿ ಪುಟದ ಮೇಲೆ ತೋರಿಸಬೇಕು. ಅಷ್ಟೇ ಲೂಪಿನ ಕೆಲಸ. ಅದು ಹಾಳಾಗುವುದು ಎರಡು ಕಡೆ: ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು. ಜೀವನದಲ್ಲಿ ನಾನು ಹಾಳಾದದ್ದೂ ಅವೆರಡು ಕಡೆಯೇ.

ಇದನ್ನು ಅವರು ಪುಸ್ತಕದಿಂದ ಕಲಿಸಲಿಲ್ಲ. ಪ್ರತಿ ಸೋಮವಾರ ಮುಂಜಾನೆ ನಮ್ಮನ್ನು ಹೊರಗಿನ ಪಡಸಾಲೆಯ ಗೋಡೆಗುಂಟ ಸಾಲಾಗಿ ನಿಲ್ಲಿಸುತ್ತಿದ್ದರು. ಫೂಟಪಟ್ಟಿಯಿಂದ ಒಬ್ಬೊಬ್ಬರ ಹೆಗಲಿಗೆ ಬಡಿಯುತ್ತ ಬರುತ್ತಿದ್ದರು.

“ಲಾಭ.”

“ಅಮೀನಗಡ್ರಿ.”

“ಒಂದ.”

“ಗುಳೇದಗುಡ್ಡರಿ.”

“ಎರಡ.”

“ಇಳಕಲ್ಲರಿ.”

ಕಡೆಗೆ ನಾನು. ನನ್ನನ್ನೂ ದಾಟಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬರಿಗೋಡೆಗೆ ಠಣ್ ಎಂದು ಹೊಡೆಯುತ್ತಿದ್ದರು. “ಇಲ್ಲಿ ಯಾರದಾರ?”

“ಯಾರಿಲ್ರಿ” ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಬೇಕು.

“ಯಾರೂ ಇಲ್ಲದಲ್ಲಿ ಹೋಗಿ ಹೆಸರ ಕೇಳಾಂವಗ ಏನಂತಾರ?”

“ಹುಚ್ಚ ಅಂತಾರ್ರಿ.”

“ಮೊನ್ನೆ ಇಳಕಲ್ಲನ ಲೂಪು ಇಲ್ಲಿತನಕ ಬಂದಿತ್ತು.”

ಯಾರಾದರೂ ರಜೆ ಹಾಕಿದ್ದರೆ ಅವರ ಜಾಗ ಖಾಲಿ ಬಿಡುವ ಹಾಗಿರಲಿಲ್ಲ. “ಸರೀರಿ ಮುಂದ. ಪಟ್ಟಿಯಿಂದ ಒಬ್ಬಾಂವನ್ನ ತಗದಮ್ಯಾಲ ಖಾಲಿ ಜಾಗ ಬಿಡಬಾರ್ದು.” ಉಳಿದವರು ಒಂದೊಂದು ಹೆಜ್ಜೆ ಸರಿಯುತ್ತಿದ್ದರು. ಒಂದು ಸೋಮವಾರ ಬಾರದಿದ್ದವನು ಮುಂದಿನ ಸೋಮವಾರ ಕಡೆಗೆ ನಿಲ್ಲಬೇಕು.

ಈ ‘ಲಾಭ’ ಅವರು ಸೃಷ್ಟಿಸಿದ್ದಲ್ಲ, ನಮ್ಮ ಕಣದ ಮಾತು. ಜೋಳದ ರಾಶಿ ಅಳೆಯುವಾಗ ನಮ್ಮಪ್ಪ ಮೊದಲ ಅಳತೆಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದ. ಒಂದು ಅಂದರೆ ರಾಶಿ ಒಂಟಿಯಾಗುತ್ತದೆಯಂತೆ. ಅದನ್ನು ಇವರು ಕಂಪ್ಯೂಟರಿಗೆ ತಂದಿದ್ದರು. “ಕಂಪ್ಯೂಟರ ಸೊನ್ನಿಯಿಂದ ಎಣಸತೈತಿ. ಸೊನ್ನಿ ಅಂದ್ರ ನಿಮಗ ಏನೂ ಇಲ್ಲ ಅನಸತೈತಿ, ಬಿಟ್ಟ ಬಿಡ್ತೀರಿ. ಅದಕ್ಕ ಲಾಭ ಅನ್ರಿ. ಲಾಭ ಯಾ ಮಗಾನೂ ಬಿಡಂಗಿಲ್ಲ.” ಇಷ್ಟು ಚೊಲೋ ಕಲಿಸುವವರು ಇಷ್ಟು ಕೆಟ್ಟ ಮನುಷ್ಯರಾಗಿರುವುದು ಹೇಗೆ ಸಾಧ್ಯ ಎಂದು ನಾನು ಆಗಾಗ ಚಿಂತಿಸುತ್ತಿದ್ದೆ. ಆಮೇಲೆ, ಕೆಟ್ಟ ಮನುಷ್ಯರು ಹೇಳಿದ್ದೇ ನನಗೆ ನೆನಪಿರುತ್ತದಲ್ಲ ಎಂದು ಇನ್ನೊಂದು ಚಿಂತೆ.

ನನ್ನ ಮೊದಲ ಲೂಪು ಹಾಳಾದದ್ದು ಈ ಲಾಭದಿಂದಲೇ. ಅಪ್ಪನ ಎಣಿಕೆಯಲ್ಲಿ ಲಾಭ ಆದಮೇಲೆ ಬರುವುದು ಎರಡು. ಯಾಕೆಂದರೆ ಲಾಭ ಎಂದದ್ದೇ ಒಂದು. ಇವರ ಎಣಿಕೆಯಲ್ಲಿ ಲಾಭ ಆದಮೇಲೆ ಒಂದು. ಬುದ್ಧಿಗೆ ಇದು ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ನಾನು ನಮ್ಮದೇ ಸಾಲಿನ ಪಟ್ಟಿಯ ಮೊದಲ ಹೆಸರನ್ನು ಕಣದ ಮರ್ಯಾದೆಯಂತೆ ಕೈಯಿಂದಲೇ ಎತ್ತಿ ಪುಟದ ತಲೆಗಿಟ್ಟೆ, ಆಮೇಲೆ ಲೂಪನ್ನು ಎರಡರಿಂದ ಬಿಟ್ಟೆ. ಓಡಿಸಿದರೆ ಅಮೀನಗಡ ಬಂದ, ಇಳಕಲ್ಲ ಬಂದ, ಬೇವೂರು ಬಂದ. ಗುಳೇದಗುಡ್ಡ ಇಲ್ಲ.

ಅವರು ನನಗೆ ಏನೂ ಅನ್ನಲಿಲ್ಲ. ಅದು ಅವರ ಪದ್ಧತಿಯಲ್ಲ. ತಿರುಗಿ ಆ ಹುಡುಗಿಗೆ ಹೇಳಿದರು: “ಗುಳೇದಗುಡ್ಡ, ನೀ ಇವತ್ತ ಇಲ್ಲ. ಬೇವೂರ ತಿಂದಾನ. ಹೋಗಿ ಪಾವಟಿಗಿ ಮ್ಯಾಲ ಕುಂದರು.”

“ನಾ ಏನ ಮಾಡೇನ್ರಿ ಸರ?”

“ಏನೂ ಮಾಡಿಲ್ಲ. ಬಿಟ್ಟ ಹ್ವಾದವರು ಯಾವಾಗ ಏನರ ಮಾಡಿರ್ತಾರ?”

ಅವಳು ಸಂಜೆತನಕ ಪಾವಟಿಗೆಯ ಮೇಲೆ ಕೂತಳು. ಕೆಳಗೆ ಔಷಧ ಒಯ್ಯಲು ಬಂದವರೆಲ್ಲ ಕತ್ತೆತ್ತಿ ನೋಡಿ, ಯಾವುದೋ ದೊಡ್ಡ ಬೇನೆ ಇರಬೇಕು ಎಂದು ಹೋದರು. ನಾನು ತಪ್ಪಿಸಿಕೊಂಡು ಇಳಿಯಲು ನೋಡಿದೆ. ಪಾವಟಿಗೆ ಇದ್ದದ್ದು ಒಂದೇ.

“ಅಣ್ಣಾರ,” ಎಂದಳು ದಾರಿ ಬಿಡದೆ, “ನಾಳಿಂದ ನನ್ನ ತಿನಬ್ಯಾಡ್ರಿ. ಉಪಾಸ ಇರ್ರಿ.”

ಅವರ ಒಳ್ಳೆತನದ ಪ್ರಸಂಗ ಒಂದಾದರೂ ಇಲ್ಲಿ ಇರಲಿ ಎಂದು ಭಾಳ ಹುಡುಕಿದೆ. ಒಂದು ಸಿಕ್ಕಿದೆ. ಒಮ್ಮೆ ಒಬ್ಬ ಗಿರಾಕಿ ಬಂದು ಅಮೀನಗಡನಿಗೆ ಮಂದಿ ಮುಂದೆ ಹಾಡಾಹಗಲು ಬೈಯತೊಡಗಿದ. ಸರ್ ಒಳಗಿಂದ ಬಂದು ಗಿರಾಕಿಯ ರಟ್ಟೆ ಹಿಡಿದು ಪಾವಟಿಗೆತನಕ ಒಯ್ದರು. “ಇವನ್ನ ಬೈಯಾಕ ನಾ ಅದೀನಿ. ನಿಮಗ ಬೈಯಾಕೂ ನೆಟ್ಟಗ ಬರಂಗಿಲ್ಲ” ಎಂದರು. ಅದು ಒಳ್ಳೆತನವೋ, ತಮ್ಮ ಹೊಲದಲ್ಲಿ ಇನ್ನೊಬ್ಬರ ದನ ಮೇಯಬಾರದೆಂಬ ಹಟವೋ, ನೀವೇ ನೋಡಿಕೊಳ್ಳಿ.

ಬರೆದ ಕೋಡನ್ನು ಅವರು ನೋಡುತ್ತಿರಲಿಲ್ಲ, ಓದಿಸುತ್ತಿದ್ದರು. ನಮ್ಮ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟು, “ಹ್ಞೂಂ, ಓದು” ಎನ್ನುತ್ತಿದ್ದರು. ಚಿಕ್ಕಿ, ಗೆರೆ, ಕಂಸ ಎಲ್ಲ ಬಾಯಿಬಿಟ್ಟು ಹೇಳಬೇಕು. ಪುಟ ಓಡಿಸಿದ ಮೇಲೆ ಬಂದ ಹೆಸರುಗಳನ್ನೂ ಮೇಲಿಂದ ಓದಬೇಕು. ನಮ್ಮ ಹೆಗಲ ಮೇಲಿನ ಹೆಬ್ಬೆರಳು ಒಂದೊಂದು ಹೆಸರಿಗೆ ಒಂದೊಂದು ಸಲ ಒತ್ತುತ್ತಿತ್ತು. “ಕಣ್ಣಿಲೆ ನೋಡಿದ್ದ ಮರೀತೈತಿ, ಕಿವಿಲೆ ಕೇಳಿದ್ದ ಉಳೀತೈತಿ” ಎನ್ನುತ್ತಿದ್ದರು. ನಾವು ಇದೂ ಒಂದು ಕಾಟ ಎಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ನಾನು ಓದುತ್ತಿರುವಾಗ ಸ್ಕ್ರೀನಿನ ವಾಯರು ಸಡಿಲಾಗಿ ಪೂರಾ ಕಪ್ಪಾಯಿತು. ನಡುವೆ ನಿಲ್ಲಿಸಿದರೆ ಬೈಗುಳ ಖಚಿತ. ಹೆದರಿ, ನೆನಪಿನಿಂದಲೇ ಓದುತ್ತ ಹೋದೆ. ಈಗ ಹೇಳಿಯಾರು, ಈಗ ಹೇಳಿಯಾರು ಎಂದು ಕಾಯುತ್ತಿದ್ದೆ. ಅವರು ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ತಂದು, “ಆ ಕಂಸಾ ಎಷ್ಟ ದೂರ ಹಾಕಿ ನೋಡು. ಹತ್ರ ಹಾಕು” ಎಂದರು. ಕಪ್ಪು ಗಾಜಿನಲ್ಲಿ ಇದ್ದದ್ದು ನಮ್ಮಿಬ್ಬರ ಮುಖ ಮಾತ್ರ. ಅವರು ತಮ್ಮ ಮುಖವನ್ನೇ ನೆಟ್ಟಗೆ ನೋಡುತ್ತಿದ್ದರು.

“ಹಾಕ್ತೇನ್ರಿ” ಎಂದು ಸುಮ್ಮನೆ ಒಂದು ಕೀಲಿ ಒತ್ತಿದೆ. ಸದ್ದು ಕೇಳಿ “ಹ್ಞಾಂ” ಎಂದರು.

ಆಮೇಲೆ ಎಲ್ಲ ಕಾಣತೊಡಗಿತು. ಚಹಾದ ಕಪ್ಪಿಗೆ ಅವರ ಕೈ ಟೇಬಲ್ಲಿನಗುಂಟ ತಡವುತ್ತ ಹೋಗುತ್ತಿತ್ತು. ಎದುರು ಬಂದವರಿಗೆ ತಾವಾಗಿ ನಮಸ್ಕಾರ ಹೇಳುತ್ತಿರಲಿಲ್ಲ, ಸೊಕ್ಕು ಎಂದುಕೊಂಡಿದ್ದೆವು. ಸಕ್ಕರೆ ಬೇನೆ ಇತ್ತೆಂದು ಗೊತ್ತಿತ್ತು. ಒಂದು ಕಾಲಕ್ಕೆ ಚಹಾದಂಗಡಿಯಿಂದ ನಮ್ಮನ್ನು ಎಣಿಸಿದ ಕಣ್ಣನ್ನು ಅದು ತಿಂದು ಮುಗಿಸುತ್ತ ಬಂದದ್ದು ಗೊತ್ತಿರಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ದೊಡ್ಡತನ ಅಂದುಕೊಳ್ಳಬೇಡಿ. ಹೇಳಿದರೆ ಹೇಳಿದವ ಯಾರು ಎಂದು ಪತ್ತೆಯಾಗಿ ಕೆಲಸ ಹೋದೀತೆಂಬ ಭಯ. ಆದರೆ ಇಳಕಲ್ಲನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ದಿನ ಸರ್ ಅವನ ಹಿಂದೆ ನಿಂತು ಓದಿಸುತ್ತಿದ್ದರು. ಅವನು ಕೋಡನ್ನು ಗಿಣಿಯಂತೆ ಒಪ್ಪಿಸುತ್ತಿದ್ದ. ಸ್ಕ್ರೀನಿನ ಮೇಲೆ ಕೋಡ್ ಇರಲಿಲ್ಲ. ದಪ್ಪ ಅಕ್ಷರಗಳಲ್ಲಿ ‘ಕುರುಡ ಕೋಣ’ ಎಂದಿತ್ತು.

“ಚಲೋ ಐತಿ. ಇವತ್ತ ನಿಂದ ಒಂದೂ ತಪ್ಪಿಲ್ಲ” ಎಂದರು ಸರ್, ಅದರ ಕಡೆ ನೋಡುತ್ತ.

ಅಮೀನಗಡ ಕರವಸ್ತ್ರ ಬಾಯಿಗೆ ತುರುಕಿಕೊಂಡ. ಅಂದಿನಿಂದ ಆಫೀಸಿನಲ್ಲಿ ದಿನಾ ಇದೇ ಆಟ. ಒಬ್ಬರು ಕತ್ತೆಯ ಚಿತ್ರ ಹಾಕಿದರೆ ಇನ್ನೊಬ್ಬರು ಅದಕ್ಕೆ ತುಂಬುತೋಳಿನ ಅಂಗಿ ತೊಡಿಸಿದರು. ನಾನೂ ನಕ್ಕೆ, ಸದ್ದಿಲ್ಲದೆ, ಒಂದು ಕಣ್ಣು ಬಾಗಿಲ ಕಡೆ ಇಟ್ಟು. ಗುಳೇದಗುಡ್ಡದವಳಿಗೆ ಮಾತ್ರ ಒಮ್ಮೆ ಕೇಳಿದೆ, “ಪಾಪ ಅನಸೂದಿಲ್ಲೇನವಾ?”

“ಪಾವಟಿಗಿ ಮ್ಯಾಲ ಕುಂತಾಕಿ ನಾ ಅಣ್ಣಾರ. ಪಾಪ ಅನ್ನೂದು ನಿಮ್ಮಂಥ ತಿಂದವರಿಗಿ ಚಂದ” ಎಂದಳು.

ಇಷ್ಟರಲ್ಲಿ ನನ್ನ ಪಾಲಿಗೆ ಗಿರಾಕಿಯ ಕೆಲಸ ಬಂತು. ಬಾದಾಮಿಯಲ್ಲಿ ಗುಹೆ ತೋರಿಸುವ ಗೈಡುಗಳ ಸಣ್ಣದೊಂದು ಸಂಘ. ಅವರ ಹೆಸರುಗಳ ಪಟ್ಟಿ ಕೂಡಿಟ್ಟು, ಪ್ರತಿ ಹೆಸರಿನ ಮುಂದೆ ‘ಮಾರ್ಗದರ್ಶಿ’ ಎಂದು ಜೋಡಿಸಿ ಪುಟದ ಮೇಲೆ ತೋರಿಸಬೇಕು. ಲೂಪು ನನ್ನದು. ಲಾಭದಿಂದ ಶುರು ಮಾಡಿದೆ, ಗೋಡೆಗೆ ಹಾಯದಂತೆ ನಿಲ್ಲಿಸಿದೆ. ಸರ್ ಓದಿಸಿ ಕೇಳಿದರು. ಕೈ ಹಚ್ಚಲಿಲ್ಲ.

“ನಾಳೆ ಮಧ್ಯಾಹ್ನ ಸಂಘದ ಹಿರ್ಯಾರು ಬರ್ತಾರ. ಅವರ ಮುಂದ ಓಡಸು. ಎಲ್ಲಾರೂ ಬಂದ್ರಂದ್ರ ನೀ ಪಕ್ಕಾ. ಒಂದ ಮಾತ ನೆನಪಿಟಗೊ. ಲೂಪಿಗಿ ನಾಚಿಕಿ ಇರಂಗಿಲ್ಲ. ಪೆಟಿಗ್ಯಾಗ ಏನ ಇರತೈತಿ ಅದನ್ನ ತಂದ ಮುಂದ ಇಡತೈತಿ. ಹೂವಿದ್ರ ಹೂವು, ಸಗಣಿ ಇದ್ರ ಸಗಣಿ. ಯಾರ ಮಾರೀನೂ ನೋಡಂಗಿಲ್ಲ. ಅದಕ್ಕ ಅದು ಮನಷ್ಯಾಗಿಂತ ಚಲೋ.”

ಮನೆಯಲ್ಲಿ ಹೇಳಿದೆ. “ಹೋಳಿಗಿ ಮಾಡ್ಲೇನ್ರಿ?” ಎಂದಳು ಹೆಂಡತಿ. “ಮೊದಲ ಓಡ್ಲಿ ತಡಿ” ಎಂದೆ. ಬ್ಯಾಳಿ ಮಾತ್ರ ನೆನೆಹಾಕಿದಳು.

ಮಧ್ಯಾಹ್ನ ಬರಬೇಕಾದ ಹಿರಿಯರು ಮುಂಜಾನೆಯ ಬಸ್ಸಿಗೇ ಬಂದರು. ಬಿಳಿ ಟೊಪ್ಪಿಗೆ, ಧೋತರ, ಗುಹೆಯಲ್ಲಿ ಮಾತಾಡಿ ಮಾತಾಡಿ ದೊಡ್ಡದಾದ ದನಿ. ಸರ್ ಅವರನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂಡಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು “ಓಡಸು” ಎಂದರು. ನಾನು ಒತ್ತಿದೆ. ಪುಟ ತೆರೆಯಿತು. ಎಲ್ಲರ ಹೆಸರಿಗಿಂತ ಮೇಲೆ, ಲಾಭದ ಜಾಗದಲ್ಲಿ, ನನ್ನ ಲೂಪು ನಾಚದೆ ತಂದಿಟ್ಟಿತ್ತು:

ಕುರುಡ ಕೋಣ, ಮಾರ್ಗದರ್ಶಿ.

ಇಳಕಲ್ಲ ಆ ಮುಂಜಾನೆಯ ಆಟಕ್ಕೆಂದು ತನ್ನ ಕಂಪ್ಯೂಟರಿನಿಂದ ನನ್ನ ಪಟ್ಟಿಯ ತಲೆಗೆ ಅದನ್ನು ಸೇರಿಸಿದ್ದ. ಮಧ್ಯಾಹ್ನದೊಳಗೆ ತೆಗೆದರಾಯಿತು ಎಂದುಕೊಂಡಿದ್ದನಂತೆ. ನಾನು ಓರೆಗಣ್ಣಿನಿಂದ ನೋಡಿದೆ. ಅವನು ಕೀಲಿಗಳ ಮೇಲೆ ಎತ್ತಿದ ಬೆರಳು ಇಳಿಸದೆ ಕೂತಿದ್ದ. ಅಳಿಸೋಣವೆಂದರೆ ಕೀಲಿಯ ಸದ್ದು ಸರ್ ಕಿವಿಗೆ ಬೀಳುತ್ತದೆ. ಹಿರಿಯರು ಇನ್ನೂ ಓದಿರಲಿಲ್ಲ. ಚಸ್ಮಾ ಎಲ್ಲಿ ಇಟ್ಟೆನೆಂದು ಅಂಗಿಯ ಜೇಬು, ಒಳಜೇಬು, ಚೀಲ ತಡಕುತ್ತಿದ್ದರು.

“ಓದು,” ಎಂದರು ಸರ್.

ನಾನು ಎರಡನೆಯ ಹೆಸರಿನಿಂದ ಓದತೊಡಗಿದೆ. ಒಂದೊಂದು ಹೆಸರಿಗೂ ಹೆಬ್ಬೆರಳು ಒತ್ತುತ್ತ ಬಂತು. ಸಂಘದಲ್ಲಿ ಎಷ್ಟು ಮಂದಿ ಇದ್ದಾರೆಂದು ಅವರಿಗೆ ಗೊತ್ತಿತ್ತು. ಕಡೆಯ ಹೆಸರಿಗೆ ಲೆಕ್ಕ ಸರಿಹೋಯಿತು. ಅವರು ನನ್ನ ಹೆಗಲನ್ನು ಒಂದು ಸಲ ಹಿಂಡಿದರು. ಹಾಗೆ ಹಿಂಡಿದ್ದು ಅದೇ ಮೊದಲು. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: “ಪಕ್ಕಾ.”

ಹಿರಿಯರಿಗೆ ಚಸ್ಮಾ ಸಿಕ್ಕಿತು.

“ಸರ, ಈ ತಮ್ಮ ಮ್ಯಾಲಿಂದೊಂದು ಬಿಟ್ಟನಲ್ರಿ,” ಎಂದು ಅವರು ಸ್ಕ್ರೀನಿಗೆ ಬೆರಳು ಹಚ್ಚಿ ಗುಹೆಯ ದನಿಯಲ್ಲಿ ಓದಿದರು. “ಕುರುಡ ಕೋಣ, ಮಾರ್ಗದರ್ಶಿ. ಇಂವ ಯಾಂವ? ನಮ್ಮ ಸಂಘದಾಗ ಕುಂಟ ಒಬ್ಬ ಅದಾನ, ಕುರುಡ ಯಾರೂ ಇಲ್ಲಲ್ರಿ.”

ಹೆಗಲ ಮೇಲಿನ ಕೈ ಎದ್ದಿತು. ಆ ಮನುಷ್ಯನಿಗೆ ಎಲ್ಲ ತಿಳಿಯಲು ಭಾಳ ಹೊತ್ತು ಬೇಕಾಗಲಿಲ್ಲ: ತಮ್ಮ ಕಣ್ಣು ಹೋದದ್ದು ಎಲ್ಲರಿಗೂ ಗೊತ್ತಿದೆ, ಗೊತ್ತಾಗಿ ಭಾಳ ದಿನ ಆಗಿದೆ, ದಿನಾ ಬೆನ್ನ ಹಿಂದೆ ಅಲ್ಲ, ಮೂಗಿನ ಮುಂದೆಯೇ ನಗುತ್ತಿದ್ದರು. ಸರ್ ನಕ್ಕರು.

“ಅದು ನಾನರೀ ಯಜಮಾನ್ರ. ತಪಾಸ ಮಾಡಾಕ ಮೊದಲ ನನ್ನ ಹೆಸರ ಹಾಕಿ ಓಡಸ್ತೇವಿ. ತಗೀತಾರ.”

“ಹಂಗೇನು,” ಎಂದರು ಹಿರಿಯರು ತಾವೂ ನಗುತ್ತ. “ಇಷ್ಟ ಮಂದಿನ ನಡಸ್ತೀರಿ ಅಂದಮ್ಯಾಲ ಮಾರ್ಗದರ್ಶಿ ಅನ್ನೂದು ಖರೇನ ಐತಿ ಬಿಡ್ರಿ.”

ಅವರನ್ನು ಪಾವಟಿಗೆ ಇಳಿಸಿ ಬಂದಮೇಲೆ ಸರ್ ಪಡಸಾಲೆಗೆ ಕರೆದರು. ಅವತ್ತು ಸೋಮವಾರ ಅಲ್ಲ. ಆದರೂ ಸಾಲಾಗಿ ನಿಂತೆವು. ಫೂಟಪಟ್ಟಿ ಹೆಗಲು ಹುಡುಕುತ್ತ ಬಂತು. ಕಾಣದಿರುವುದನ್ನು ಈಗ ಅವರು ಮುಚ್ಚಿಡಲಿಲ್ಲ. ಇಳಕಲ್ಲನ ಹತ್ತಿರ ನಿಂತಿತು.

“ಬರದಾಂವ ನೀನ?”

“ಹೌದ್ರಿ.”

“ಅಕ್ಷರ ತಪ್ಪಿಲ್ಲಲ್ಲ?”

“ಇಲ್ರಿ.”

“ಹ್ಞೂಂ.” ಪಟ್ಟಿ ಮುಂದೆ ಸರಿದು ನನ್ನ ಹೆಗಲಿಗೆ ಬಂತು.

“ಲೂಪು ನಿಂದು?”

“ಹೌದ್ರಿ.”

“ಲಾಭದಿಂದ ಕಡೀತನಕ ಎಲ್ಲಾ ತಂತು. ಬೈಗಳಾನೂ ಬಿಡಲಿಲ್ಲ. ನಾ ಕೈ ಹಚ್ಚಲಿಲ್ಲ. ನಿನ್ನ ಲೂಪು ಪಾಸು.”

ನನ್ನ ಹೆಂಡತಿ ನೆನೆಹಾಕಿದ ಬ್ಯಾಳಿ ಒಂದು ಗಳಿಗೆ ಕಣ್ಣ ಮುಂದೆ ಬಂತು.

“ನೀ ಯಾಕ ಬಿಟ್ಟ ಓದಿದಿ?”

“ನಿಮಗ ಕೆಟ್ಟ ಅನಿಸೀತಂತ, ಸರ…”

“ಕೆಟ್ಟ ಅನಸೂದು ನನಗ. ಆರಿಸೂದು ನೀನ?” ಅವರ ದನಿ ಏರಲಿಲ್ಲ. “ನನಗ ಕಣ್ಣಿಲ್ಲ. ಇನ್ನ ಮ್ಯಾಲ ಯಾರರ ಓದಿದ್ದ ಅಷ್ಟ ನನಗ ಕಾಣೂದು. ಬೈಯಾಂವನ್ನ ಇಟಗೋಬಹುದು, ಅಂವ ಇದ್ದದ್ದ ಬರದಾನ. ಬಿಟ್ಟ ಓದಾಂವನ್ನ ಹೆಂಗ ಇಟಗೊಳ್ಳಲಿ? ಇವತ್ತ ನನ್ನ ಮ್ಯಾಲ ಕನಿಕರ ಬಂತು, ಒಂದ ಬಿಟ್ಟಿ. ನಾಳೆ ಇನ್ನೊಬ್ಬರ ಮ್ಯಾಲ ಬರತೈತಿ. ನೀ ಏನೇನ ಬಿಟ್ಟಿ ಅನ್ನೂದು ನನಗ ಯಾವಾಗ ಗೊತ್ತಾಗಬೇಕು? ಪ್ರತಿ ಸಲಾ ಬಾದಾಮಿಯಿಂದ ಚಸ್ಮಾ ತರಸ್ಲೇನು?”

ಫೂಟಪಟ್ಟಿ ನನ್ನ ಹೆಗಲಿನಿಂದ ಎದ್ದು ಪಾವಟಿಗೆಯ ಕಡೆ ತಿರುಗಿತು.

“ಹೋಗು.”

ನಾನು ಚೀಲ ತೆಗೆದುಕೊಂಡು ಪಾವಟಿಗೆ ಇಳಿಯತೊಡಗಿದೆ. ಮೇಲಿಂದ ಅವರ ದನಿ ಕೇಳಿತು: “ಸರೀರಿ ಮುಂದ. ಖಾಲಿ ಜಾಗ ಬಿಡಬಾರ್ದು.” ನಾನು ಸಾಲಿನ ಕಡೆಯವ. ಯಾರೂ ಸರಿಯಬೇಕಾಗಿರಲಿಲ್ಲ. ನಾನು ನಿಲ್ಲುತ್ತಿದ್ದ ಜಾಗದ ಗೋಡೆಗೆ ಠಣ್ ಎಂದು ಪಟ್ಟಿ ಬಿತ್ತು.

“ಇಲ್ಲಿ ಯಾರದಾರ?”

“ಯಾರಿಲ್ರಿ,” ಎಂದರು ಎಲ್ಲರೂ ರೂಢಿಯಂತೆ, ಒಂದೇ ದನಿಯಲ್ಲಿ. ಅದರಲ್ಲಿ ಗುಳೇದಗುಡ್ಡದ ದನಿ ಬೇರೆಯಾಗಿ ಕೇಳಿಸಿತು.

“ಪಕ್ಕಾ ಆತೇನ್ರಿ?” ಎಂದಳು ಹೆಂಡತಿ.

“ಆಗಿದ್ನಿ” ಎಂದೆ.

ಆಮೇಲೆ ಹುನಗುಂದ, ಈ ಫ್ಲೆಕ್ಸು. ಇಳಕಲ್ಲ ಅಲ್ಲೇ ಉಳಿದು ಅವರ ಕಣ್ಣಾದ, ಕೈಯಾದ, ಆಫೀಸು ನಡೆಸಿದ ಎಂದು ಕೇಳುತ್ತಿದ್ದೆ. ಕೇಳಿದಾಗಲೆಲ್ಲ ಅಂದುಕೊಳ್ಳುತ್ತಿದ್ದೆ: ಬೈದವನಿಗೆ ಕುರ್ಚಿ, ಮರುಗಿದವನಿಗೆ ಪಾವಟಿಗೆ.

ಮಣ್ಣಿನ ದಿನ ಫ್ಲೆಕ್ಸ್ ಸುತ್ತಿಕೊಂಡು ಬಸ್ಸು ಹಿಡಿದೆ. ಎಲ್ಲರ ಶ್ರದ್ಧಾಂಜಲಿಗೂ ‘ನಮ್ಮೆಲ್ಲರ ಮಾರ್ಗದರ್ಶಿ’ ಎಂಬ ಸಾಲು ಮೊದಲೇ ಹಾಕಿಟ್ಟಿರುತ್ತೇನೆ. ಇದರಲ್ಲಿ ಮಾತ್ರ ಅದನ್ನು ತೆಗೆದು ‘ಹಿರಿಯರು’ ಎಂದು ಹಾಕಿದ್ದೆ. ಮತ್ತೆ ಬಿಟ್ಟೆನಲ್ಲ ಎಂದು ಬಸ್ಸಿನಲ್ಲೆಲ್ಲ ಚಿಂತೆ.

ಇಳಕಲ್ಲ ಸರ್ ಮನೆಯ ಬಾಗಿಲಲ್ಲೇ ಸಿಕ್ಕ. ಅವನ ಕೂದಲು ನನಗಿಂತ ಹೆಚ್ಚು ಹಣ್ಣಾಗಿತ್ತು. ಫ್ಲೆಕ್ಸ್ ಬಿಚ್ಚಿ ಓದಿದ, ಎಲ್ಲ ಓದಿದ, ಅಂಗಡಿಯ ಹೆಸರೂ ಬಿಡದೆ ಗಟ್ಟಿಯಾಗಿ ಓದಿದ. ಆಮೇಲೆ ತನಗೇ ನಾಚಿಕೆಯಾಗಿ ನಿಲ್ಲಿಸಿದ.

“ರೂಢಿ ಅಣ್ಣಾ,” ಎಂದ. “ಆ ಹೆಸರ ಅಳಸಾಕ ಅವರು ಬಿಡಲೇ ಇಲ್ಲ. ದಿನಾ ಮುಂಜಾನಿ ಮೊದಲ ಅದನ್ನ ಓದಬೇಕು, ಆಮ್ಯಾಲ ಕೆಲಸಾ. ಗಿರಾಕಿ ಮುಂದ ಓದೇನಿ. ದವಾಖಾನಿಯೊಳಗ ಡಾಕ್ಟರ ಮುಂದ ಓದೇನಿ. ‘ಲಾಭ’ ಅಂತಿದ್ರು, ನಾ ‘ಕುರುಡ ಕೋಣ್ರಿ’ ಅಂತಿದ್ನಿ.”

“ಬಿಟ್ಟ ಹೋಗಬೇಕಿತ್ತಲ್ಲೋ ಮಾರಾಯಾ.”

“ಹೋಗ್ತೇನಿ ಅಂದಾಗೊಮ್ಮೆ, ‘ನೀ ಹ್ವಾದ್ರ ನನಗ ಓದಾವ್ರ ಯಾರಪಾ’ ಅಂತಿದ್ರು. ಅಷ್ಟ ಮೆತ್ತಗ ಅಂತಿದ್ರು. ಒಮ್ಮೆರ ಬೈದಿದ್ರ ಹೋಗಿರ್ತಿದ್ನಿ.”

ಸಮಾಧಿಯ ಗುಂಡಿಯಲ್ಲಿ ಅವರನ್ನು ನಮ್ಮ ಪದ್ಧತಿಯಂತೆ ಕೂಡಿಸಿದ್ದರು. ವಿಭೂತಿ, ಪತ್ರಿ. ಕುರ್ಚಿಯಲ್ಲಿ ಕೂತಂತೆಯೇ ಕೂತಿದ್ದರು, ಇನ್ನೇನು ಯಾರನ್ನೋ ಓದು ಎನ್ನುವ ಹಾಗೆ. ಮಣ್ಣು ಹಾಕಲು ಆಫೀಸಿನ ಹಳಬರು ಸಾಲಾದರು. ಯಾರೂ ಹೇಳಿರಲಿಲ್ಲ, ಆದರೂ ಅದೇ ಸಾಲು: ಅಮೀನಗಡ, ಗುಳೇದಗುಡ್ಡ, ಇಳಕಲ್ಲ, ಆಮೇಲೆ ನಾನು ಹೋದಮೇಲೆ ಬಂದವರು. ನಡುವೆ ಖಾಲಿ ಜಾಗ ಇರಲಿಲ್ಲ. ಗುಳೇದಗುಡ್ಡ ನನ್ನ ಕಡೆ ನೋಡಿದಳು, ನೋಡಿ ಮುಂದೆ ತಿರುಗಿದಳು. ನಾನು ಕಡೆಗೆ ಹೋಗಿ, ಕಡೆಯವನಿಗಿಂತ ಒಂದು ಹೆಜ್ಜೆ ಆಚೆ ನಿಂತೆ.

ಎಲ್ಲರದೂ ಆಯಿತು. “ಇನ್ನ ಯಾರರ ಉಳದೀರೇನು?” ಎಂದರು ಮಠದಿಂದ ಬಂದ ಅಯ್ಯನವರು.

ಯಾರಾದರೂ ‘ಯಾರಿಲ್ರಿ’ ಎನ್ನುವ ಮೊದಲೇ ಮುಂದೆ ಹೋಗಿ ಬಗ್ಗಿದೆ. ಮೂರು ಹಿಡಿ ಹಾಕುವುದು ನಮ್ಮಲ್ಲಿ ರೂಢಿ. ಮೊದಲ ಹಿಡಿ ಮಣ್ಣು ಅವರ ಬಿಳಿ ಅಂಗಿಯ ಮೇಲೆ ಬೀಳುವಾಗ ನನ್ನ ಬಾಯಿ ತಾನಾಗಿ ಅಂದಿತು: ಲಾಭ.

ಎರಡನೆಯ ಹಿಡಿ ಕೈಯಲ್ಲಿ ಹಿಡಿದು ನಿಂತೆ. ಸರ್ ಲೆಕ್ಕದ ಒಂದು ಎನ್ನಬೇಕೋ, ಅಪ್ಪನ ಲೆಕ್ಕದ ಎರಡು ಎನ್ನಬೇಕೋ ಹೊಳೆಯಲಿಲ್ಲ. ಹಿಂದೆ ನಿಂತವರು ಕೆಮ್ಮಿದರು. ನಾನು ಗುಂಡಿಯ ಕಡೆಗೇ ನೋಡುತ್ತಿದ್ದೆ, ಅವರು ಬೈಯಲಿ ಎಂದು.